ಬೋನೆತನ ಗ್ರಂಥವೂ ಸ್ಪ್ಯಾನಿಷ್ ಮನೆಯ ಕಿವುಡ ಮಗುವೂ

ಕಿವುಡ ಮಕ್ಕಳಿಗೆ ಭಾಷೆಯನ್ನು ಕಲಿಸುವ ವಿದ್ಯೆಯ ಇತಿಹಾಸದಲ್ಲಿ ಸ್ಪೇನ್ ದೇಶಕ್ಕೆ ಅಗ್ರಸ್ಥಾನವು ಸಲ್ಲತಕ್ಕುದಾಗಿದೆ. ಹದಿನಾರನೆಯ ಶತಮಾನದಲ್ಲಿ ಓನ್ಯ ಎಂಬಲ್ಲಿಯ ಮಠದ ಸಂನ್ಯಾಸಿಯಾದ ಪೇದ್ರೊ ಪೊನ್ಸೆ ದೆ ಲೆಯೋನನು ವೆಲಾಸ್ಕೊ ಎಂಬ ಶ್ರೀಮಂತ ಮನೆತನದ ಕಿವುಡ ಮಕ್ಕಳಿಗೆ ಓದುಬರಹಗಳನ್ನೂ ಮಾತನ್ನೂ ಕಲಿಸಿದನು. ಮುಂದೆ ಅದೇ ಮನೆತನದಲ್ಲಿ ಮತ್ತೊಂದು ಮಗುವು ಶೈಶವದಲ್ಲಿಯೇ ಶ್ರವಣಶಕ್ತಿಯನ್ನು ಕಳೆದುಕೊಂಡಿತು. ಆ ಮನೆಯ ಕಾರ್ಯದರ್ಶಿಯಾಗಿದ್ದ ಹ್ವಾನ್ ಪಾಬ್ಲೊ ಬೋನೆತನು 1620ರಲ್ಲಿ ಮಾಡ್ರಿಡ್ ನಗರದಲ್ಲಿ ಪ್ರಕಟಿಸಿದ, ಅಕ್ಷರಗಳನ್ನೂ ಮೂಕರಿಗೆ ಮಾತು ಕಲಿಸುವ ಕಲೆಯನ್ನೂ ಕುರಿತ ಪುಸ್ತಕವು ಈ ವಿಷಯದಲ್ಲಿ ಅಚ್ಚಾದ ಮೊದಲನೆಯ ಶಾಸ್ತ್ರಗ್ರಂಥವೆಂದು ಗಣ್ಯವಾಗಿದೆ. ಅದನ್ನು ಈಗ ಪರಾಮರ್ಶಿಸುವುದಕ್ಕೆ ಕಾರಣವುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸ್ಪ್ಯಾನಿಷ್ ಮಾತನಾಡುವ ಮನೆಗಳ ಕಿವುಡ ಮಕ್ಕಳಿಗೆ ಯಾವ ಭಾಷೆಯನ್ನು ಕಲಿಸಬೇಕೆಂಬ ವಾದವು ನಡೆದಿದ್ದು, ಬೋನೆತನ ಗುಣದೋಷಗಳೆರಡೂ ಆ ವಾದಕ್ಕೆ ನೇರವಾಗಿ ಸಂಬಂಧಿಸಿವೆ.

ಗ್ರಂಥದ ಮೊದಲನೆಯ ಗುಣವು ಅಕ್ಷರವಿಚಾರದಲ್ಲಿದೆ. ಸ್ಪ್ಯಾನಿಷಿನಲ್ಲಿ ಒಂದು ವರ್ಣಕ್ಕೆ 'ಎಸೆ' ಎಂದು ಹೆಸರು. ಅದರ ಧ್ವನಿಯಾದರೋ ಬರಿಯ 'ಸ್'. ಹೆಸರನ್ನು ಬಿಟ್ಟು ಧ್ವನಿಯನ್ನೇ ಕಲಿಸಬೇಕೆಂದು ಬೋನೆತನು ಪ್ರತಿಪಾದಿಸಿದನು. ಅಕ್ಷರದ ಹೆಸರೂ ಉಚ್ಚಾರಣೆಯೂ ಬಹುಮಟ್ಟಿಗೆ ಒಂದೇ ಆಗಿರುವ ಕನ್ನಡದಂತಹ ಭಾಷೆಯನ್ನು ಬಲ್ಲವರಿಗೆ ಈ ಮಾತಿನ ಯುಕ್ತತೆಯು ಸುಲಭವಾಗಿ ತಿಳಿಯತಕ್ಕುದು. ಒಂದೇ ಕೈಯ ಬೆರಳುಗಳಿಂದ ಸೂಚಿಸುವ ವರ್ಣಮಾಲೆಯನ್ನು ಅವನು ಚಿತ್ರಸಹಿತವಾಗಿ ಕೊಟ್ಟಿದ್ದಾನೆ. ಇಂತಹ ವರ್ಣಮಾಲೆಯು 1593ರಲ್ಲಿ ಮುದ್ರಿತವಾದ ಮೆಲ್ಚೋರ್ ದೆ ಯೆಬ್ರಾ ಎಂಬ ಸಂನ್ಯಾಸಿಯ ಪುಸ್ತಕದಲ್ಲಿಯೂ ಇದ್ದಿತು. ಆದುದರಿಂದ ಬೋನೆತನದು ಸೃಷ್ಟಿಯಲ್ಲ, ವಿನಿಯೋಗ. ಪೂರ್ವಿಕನಾದ ಪೊನ್ಸೆಯ ಹೆಸರನ್ನೇ ಅವನು ಎತ್ತದಿರುವುದು ಗ್ರಂಥಕ್ಕೆ ಕಳಂಕವಾಗಿದೆ.

ಎರಡನೆಯ ಗುಣವು ಇದಕ್ಕಿಂತಲೂ ಹಿರಿದು. ಮಗುವಿರುವ ಮನೆಯಲ್ಲಿ ಓದುಬಲ್ಲವರೆಲ್ಲರೂ ಈ ಬೆರಳಕ್ಷರಗಳನ್ನು ಕಲಿತು ಅವುಗಳಿಂದಲೇ ಅದರೊಡನೆ ಮಾತನಾಡಬೇಕೆಂಬುದು ಬೋನೆತನ ವಿಧಿ. ಭಾಷೆಯು ಗುರುವಿನ ಕೊಠಡಿಯಲ್ಲಿ ಮುಗಿಯತಕ್ಕುದಲ್ಲ, ಮನೆಮಂದಿಯ ನಡುವೆ ನಡೆಯತಕ್ಕುದು ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ. ಆದರೆ ಇದೇ ವಿಧಿಯಲ್ಲಿ ಗ್ರಂಥದ ಮುಖ್ಯದೋಷವೂ ಅಡಗಿದೆ. ಮಗುವಿನೊಡನೆ ಸನ್ನೆಗಳನ್ನು ಬಳಸಕೂಡದೆಂದು ಅವನು ನಿಷೇಧಿಸುತ್ತಾನೆ. ಒಂದು ಭಾಷೆಯು ಬೆಳೆಯಬೇಕಾದರೆ ಮತ್ತೊಂದನ್ನು ತಡೆಯಬೇಕೆಂಬ ಈ ಭ್ರಮೆಯು ಅವನೊಡನೆ ಅಳಿಯಲಿಲ್ಲ. 1880ರ ಮಿಲಾನ್ ಸಮ್ಮೇಳನವು ಅದನ್ನು ಪಾಠಶಾಲೆಗಳ ನಿಯಮವನ್ನಾಗಿ ಮಾಡಿತು. ಸನ್ನೆಯ ಭಾಷೆಗೂ ಸ್ವಂತ ರಚನೆಯುಂಟೆಂದು ವಿಲಿಯಂ ಸ್ಟೋಕಿಯು 1960ರಲ್ಲಿ ಶಾಸ್ತ್ರೀಯವಾಗಿ ತೋರಿಸಿದ ಮೇಲೆಯೇ ಅದರ ಆಧಾರವು ಸಡಿಲವಾಯಿತು.

ಸ್ಪೇನಿನಲ್ಲಿ ಹುಟ್ಟಿದ ಒಂಟಿಗೈಯ ವರ್ಣಮಾಲೆಯು ಫ್ರಾನ್ಸಿಗೆ ಹೋಗಿ, ಅಲ್ಲಿಂದ ಅಮೆರಿಕವನ್ನು ಸೇರಿತು. ಪ್ಯಾರಿಸಿನ ಕಿವುಡ ಶಿಕ್ಷಕನಾದ ಲೊರಾಂ ಕ್ಲೆರ್ಕನ ನೆರವಿನಿಂದ 1817ರಲ್ಲಿ ಹಾರ್ಟ್‌ಫರ್ಡಿನಲ್ಲಿ ಶಾಲೆಯು ಸ್ಥಾಪಿತವಾಯಿತು. ಅಮೆರಿಕದ ಕಿವುಡ ಮಕ್ಕಳು ಇಂದು ಬಳಸುವ ಬೆರಳಕ್ಷರಗಳು ಆ ಸಂತತಿಯವೇ. ಇಷ್ಟಾದರೂ ಅದೇ ದೇಶದಲ್ಲಿ ಸ್ಪ್ಯಾನಿಷ್ ಮಾತೃಭಾಷೆಯಾಗುಳ್ಳ ತಾಯಿತಂದೆಗಳಿಗೆ, 'ಮಗುವಿಗೆ ಕಿವಿ ಕೇಳಿಸದು. ಎರಡು ಭಾಷೆಗಳ ಭಾರವು ಬೇಡ. ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿರಿ' ಎಂಬ ಉಪದೇಶವು ಬಹುಕಾಲ ದೊರೆಯುತ್ತ ಬಂದಿತು. ಬೋನೆತನ ನಿಷೇಧವೇ ಇಲ್ಲಿ ವೇಷವನ್ನು ಬದಲಿಸಿದೆ; ಅವನು ಸನ್ನೆಯನ್ನು ತಡೆದನು, ಇವರು ತಾಯ ನುಡಿಯನ್ನು ತಡೆದರು.

ಈ ಉಪದೇಶವು ಪರೀಕ್ಷೆಗೆ ನಿಲ್ಲುವುದಿಲ್ಲ. ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ತಾಯಿತಂದೆಗಳು ಕಿವಿ ಕೇಳುವವರು. ಆರು ತಿಂಗಳೊಳಗಾಗಿ ನ್ಯೂನತೆಯು ಗೊತ್ತಾಗಿ ನೆರವು ದೊರೆತರೆ ಭಾಷೆಯು ಹೆಚ್ಚು ಚೆನ್ನಾಗಿ ಬೆಳೆಯುವುದೆಂದು ಕೊಲರಾಡೊ ಸಂಸ್ಥಾನದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಶೋಧನೆಯು ತೋರಿಸಿತು. ಆ ಎಳೆವಯಸ್ಸಿನಲ್ಲಿ ಮಗುವಿನ ಬಳಿ ಇರುವವರು ಮನೆಯವರೇ. ತಡವರಿಸುವ ಇಂಗ್ಲಿಷಿನಲ್ಲಿ ತಾಯಿಯು ನಾಲ್ಕು ಆಜ್ಞೆಗಳನ್ನು ಕೊಡಬಲ್ಲಳು; ಕಥೆ, ಹಾಸ್ಯ, ಮುನಿಸು, ಸಮಾಧಾನ ಇವುಗಳಿಗೆ ಅವಳ ಸ್ವಂತ ನುಡಿಯೇ ಬೇಕು. ಶ್ರವಣಯಂತ್ರವನ್ನಾಗಲಿ ಕಿವಿಯೊಳಗೆ ಶಸ್ತ್ರಕ್ರಿಯೆಯಿಂದ ಇಡುವ ಸಾಧನವನ್ನಾಗಲಿ ಧರಿಸಿದ ಸ್ಪ್ಯಾನಿಷ್ ಮನೆಗಳ ಮಕ್ಕಳನ್ನು ಕುರಿತು ಬುಂಟಾ ಮೊದಲಾದವರು 2016ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಎರಡು ಭಾಷೆಗಳಲ್ಲಿಯೂ ನೆರವು ಪಡೆದವರು ಇಂಗ್ಲಿಷೊಂದರಲ್ಲೇ ನೆರವು ಪಡೆದವರಿಗಿಂತ ಇಂಗ್ಲಿಷಿನ ಒಟ್ಟು ಸಾಮರ್ಥ್ಯದಲ್ಲಿಯೇ ಮೇಲಾಗಿದ್ದರು. ಪರೀಕ್ಷಿತರ ಸಂಖ್ಯೆಯು ಅಲ್ಪ. ಕೇಳಿ ಗ್ರಹಿಸುವ ಶಕ್ತಿಯಲ್ಲಿ ಗಣನೀಯ ಭೇದವೂ ಕಾಣಲಿಲ್ಲ. ಆದುದರಿಂದ ಅದನ್ನು ಸಿದ್ಧಾಂತವೆನ್ನಲಾಗದು. ಆದರೂ ಮನೆಮಾತು ಇಂಗ್ಲಿಷಿಗೆ ಅಡ್ಡಿಯೆಂಬ ವಾದಕ್ಕೆ ಅದರಿಂದ ಯಾವ ಬೆಂಬಲವೂ ದೊರೆಯುವುದಿಲ್ಲ.

ಇನ್ನು, ಯಂತ್ರಗಳಿಂದಲೂ ಮಾತು ಸಾಕಷ್ಟು ಮುಟ್ಟದ ಮಕ್ಕಳಿದ್ದಾರೆ. ಅವರಿಗೆ ಸನ್ನೆಯ ಭಾಷೆಯು ಮೊದಲಿನಿಂದಲೂ ಅವಶ್ಯಕ. ಅಮೆರಿಕದ ಸನ್ನೆಭಾಷೆಯೇ ಬೇರೆ, ಮೆಕ್ಸಿಕೊವಿನದೇ ಬೇರೆ. ಅಮೆರಿಕದ ಸನ್ನೆಯನ್ನು ಇಂಗ್ಲಿಷಿನ ಮೂಲಕವೇ ಬೋಧಿಸಿದರೆ, ಇಂಗ್ಲಿಷ್ ಅರಿಯದ ತಾಯಿಯು ಒಂದನ್ನು ಕಲಿಯುವುದಕ್ಕೆ ಎರಡನ್ನು ಕಲಿಯಬೇಕಾಗುತ್ತದೆ. ಅಷ್ಟರಲ್ಲಿ ಮಗುವಿನ ಅಮೂಲ್ಯವಾದ ವರ್ಷಗಳು ಕಳೆದುಹೋಗುತ್ತವೆ. ಸನ್ನೆಯನ್ನು ಸ್ಪ್ಯಾನಿಷಿನಲ್ಲಿಯೇ ವಿವರಿಸಿ ಅವಳಿಗೆ ಕಲಿಸುವುದು ನ್ಯಾಯವಾದ ಮಾರ್ಗ.

ಹೀಗೆ ನೋಡಿದರೆ ಬೋನೆತನ ಗ್ರಂಥದಲ್ಲಿ ಗ್ರಾಹ್ಯವಾದುದೂ ತ್ಯಾಜ್ಯವಾದುದೂ ಒಂದೇ ವಾಕ್ಯದ ಎರಡು ಭಾಗಗಳಾಗಿವೆ. ಮನೆಮಂದಿಯೆಲ್ಲರೂ ಮಗುವಿನ ಭಾಷೆಯನ್ನು ಕಲಿಯಲೆಂಬ ವಿಧಿಯು ಇಂದಿಗೂ ಮಾನ್ಯ. ಉಳಿದ ಭಾಷೆಯನ್ನು ಹೊರಗಿಡಲೆಂಬ ನಿಷೇಧವು ತ್ಯಾಜ್ಯ. ವಿಧಿಯನ್ನು ಮರೆತು ನಿಷೇಧವನ್ನು ಮಾತ್ರ ಉಳಿಸಿಕೊಂಡಿರುವ ಉಪದೇಶಕರಿಗಿಂತ 1620ರ ಆ ಕಾರ್ಯದರ್ಶಿಯೇ ವಿವೇಕಿಯೆಂದು ಹೇಳಬೇಕಾಗುತ್ತದೆ.