‘ಮದ’ ಶಬ್ದದ ಅರ್ಥವಿಚಾರ

ಕಾವ್ಯಪಾಠ ಹೇಳುವಾಗ ‘ಮದ’ ಎಂಬ ಶಬ್ದ ಬಂದೆಡೆಯಲ್ಲೆಲ್ಲ ‘ಗರ್ವ’ವೆಂದೋ ‘ಅಮಲು’ ಎಂದೋ ಅರ್ಥವನ್ನು ಹೇಳಿ ಮುಂದುವರಿಯುವುದು ವಾಡಿಕೆ. ಅರಿಷಡ್ವರ್ಗದಲ್ಲಿ ಈ ಶಬ್ದವು ಸೇರಿರುವುದೇ ಇದಕ್ಕೆ ಕಾರಣವಾಗಿರಬೇಕು. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದವನು. ಧಾತುವನ್ನೂ ಸೂತ್ರಗಳನ್ನೂ ಮರಳಿ ಪರಿಶೀಲಿಸಿದಲ್ಲಿ ಇದು ಶಬ್ದದ ಮೂಲಾರ್ಥವಲ್ಲವೆಂದು ನಿಶ್ಚಯವಾಯಿತು.

ಧಾತುಪಾಠದ ದಿವಾದಿಗಣದಲ್ಲಿ ‘ಮದೀ’ ಧಾತುವಿಗೆ ಹೇಳಿರುವ ಅರ್ಥವು ಹರ್ಷ; ಗರ್ವವಲ್ಲ. ಪವಮಾನಸೋಮನಿಗೆ ಮೀಸಲಾದ ಋಗ್ವೇದದ 9ನೆಯ ಮಂಡಲದಲ್ಲಿ ‘ಮದ’ವೆಂದರೆ ಸೋಮರಸದಿಂದ ಒದಗುವ ಉಲ್ಲಾಸ. ಇಂದ್ರನ ಪರಾಕ್ರಮಕ್ಕೆ ಅದು ಬಲವೇ ಹೊರತು ಕಳಂಕವಲ್ಲ. ಪಾಣಿನಿಯ ವ್ಯವಸ್ಥೆಯು ಇನ್ನೂ ಸ್ಪಷ್ಟವಾಗಿದೆ. ಉಪಸರ್ಗವಿಲ್ಲದಿದ್ದರೆ ‘ಅಪ್’ ಪ್ರತ್ಯಯದಿಂದ ‘ಮದ’ವೆಂದಾಗುತ್ತದೆ, ಉಪಸರ್ಗವಿದ್ದರೆ ‘ಘಞ್’ ಪ್ರತ್ಯಯದಿಂದ ‘ಪ್ರಮಾದ’, ‘ಉನ್ಮಾದ’ ಎಂದು ದೀರ್ಘವಾಗುತ್ತದೆ. ಆದರೆ ಹರ್ಷಾರ್ಥದಲ್ಲಿ ‘ಪ್ರಮದ’, ‘ಸಮ್ಮದ’ ಎಂಬ ಹ್ರಸ್ವರೂಪಗಳನ್ನು ಸಾಧಿಸಲು 3ನೆಯ ಅಧ್ಯಾಯದ 3ನೆಯ ಪಾದದಲ್ಲಿ ಪ್ರತ್ಯೇಕ ಸೂತ್ರವೇ ಉಂಟು. ಸಂತೋಷವಾದ ಪ್ರಮದಕ್ಕೂ ಎಚ್ಚರಗೇಡಾದ ಪ್ರಮಾದಕ್ಕೂ ಇರುವುದು ಒಂದೇ ಮಾತ್ರೆಯ ಅಂತರ. ಪ್ರತಿಯಲ್ಲಿಯಾಗಲಿ ಅಚ್ಚಿನಲ್ಲಿಯಾಗಲಿ ಆ ಮಾತ್ರೆ ತಪ್ಪಿದರೆ ಪದ್ಯದ ಭಾವವೇ ತಲೆಕೆಳಗಾಗುವುದು. ನಮ್ಮ ಚಂಪೂಕವಿಗಳ ‘ಸಮ್ಮದ’ವೂ ನಿರ್ಮಲವಾದ ಸಂತೋಷವೇ.

ಇದೇ ಧಾತುವಿನಿಂದ ಹುಟ್ಟಿದ ‘ಮತ್ತ’ವು ಕನ್ನಡದಲ್ಲಿ ‘ಮತ್ತು’ ಎಂಬ ನಾಮಪದವಾಗಿದೆ. ಪಾರಸಿಯ ‘ಮಸ್ತ್’ ಇದರ ಒಡಹುಟ್ಟು. ದಕಾರದ ಮುಂದೆ ತಕಾರ ಬಂದಾಗ ಸಂಸ್ಕೃತದಲ್ಲಿ ‘ತ್ತ’ವಾಗುವೆಡೆಯಲ್ಲಿ ಇರಾನೀ ಭಾಷೆಗಳಲ್ಲಿ ‘ಸ್ತ’ವಾಗುವುದು ನಿಯಮ. ನಮ್ಮ ‘ಬದ್ಧ’ಕ್ಕೂ ‘ಬಂದೋಬಸ್ತಿ’ನೊಳಗಣ ‘ಬಸ್ತಿ’ಗೂ ಇಂಥದೇ ಸಂಬಂಧ. ಆದುದರಿಂದ ‘ಮಸ್ತಿ’ಯನ್ನು ಪರಕೀಯವೆಂದು ಹಳಿಯುವವರು ಅದು ಬಂದ ಬಾಗಿಲನ್ನು ಮಾತ್ರ ನೋಡಿದ್ದಾರೆ, ಮನೆತನವನ್ನು ನೋಡಿಲ್ಲ.

ದೇಶ್ಯವಾದ ‘ಸೊಕ್ಕು’ ಬೇರೆ ವಂಶದ್ದು. ಸಂಸ್ಕೃತಾಭ್ಯಾಸಿಗಳಾದ ನಮಗೆ ಕಂಡ ಶಬ್ದಕ್ಕೆಲ್ಲ ತತ್ಸಮ ತದ್ಭವಗಳನ್ನು ಹುಡುಕುವ ಚಪಲವುಂಟು. ಇಲ್ಲಿ ಅದನ್ನು ಬಿಡಬೇಕು. ಹಳಗನ್ನಡದ ‘ಸೊರ್ಕು’ ಎಂಬುದೇ, ‘ಪೆರ್ಚು’ ‘ಹೆಚ್ಚು’ ಆದಂತೆ, ‘ಸೊಕ್ಕು’ ಆಗಿದೆ. ತಮಿಳಿನ ‘ಚೊಕ್ಕು’, ತೆಲುಗಿನ ‘ಸೊಕ್ಕು’ಗಳಲ್ಲಿ ಮೈಮರೆವು, ಪರವಶತೆ ಎಂಬ ಅರ್ಥಗಳು ಉಳಿದಿವೆ. ನಮ್ಮಲ್ಲಿ ಅಹಂಕಾರವೆಂಬ ಅರ್ಥವು ಮೇಲುಗೈಯಾಗಿದೆ. ಆದರೂ ತಲೆಸುತ್ತು ತರುವ ಅಡಕೆಯನ್ನು ‘ಸೊಕ್ಕಡಕೆ’ ಎನ್ನುವಲ್ಲಿ ಗರ್ವದ ಸೋಂಕಿಲ್ಲ.

ಸಂಬಂಧವಿಲ್ಲದ ಎರಡು ವಂಶಗಳ ಈ ಶಬ್ದಗಳು ಮೈಮರೆವಿಗೂ ದರ್ಪಕ್ಕೂ ಸಮಾನವಾಗಿ ಸಲ್ಲುತ್ತಿರುವುದು ಆಕಸ್ಮಿಕವಲ್ಲ. ಉಲ್ಲಾಸವು ಮೇರೆ ಮೀರಿದರೆ ದರ್ಪವಾಗುವುದೆಂಬ ಲೋಕಾನುಭವವು ಎರಡರಲ್ಲಿಯೂ ಅಚ್ಚೊತ್ತಿದೆ. ಆದರೆ ಮೇರೆ ಮೀರದ ಮದವೂ ಕಾವ್ಯದಲ್ಲಿ ಉಂಟು. ಅಂಥ ಸ್ಥಳದಲ್ಲಿ ‘ಗರ್ವ’ವೆಂದು ಬರೆಯಿಸುವ ಉಪಾಧ್ಯಾಯನು ಕವಿಯು ಮಾಡದ ಅಪರಾಧವನ್ನು ಕವಿಯ ಮೇಲೆ ಹೊರಿಸಿದಂತಾಗುತ್ತದೆ. ಸಂದರ್ಭವನ್ನು ನೋಡಿ ಅರ್ಥವನ್ನು ನಿರ್ಣಯಿಸಬೇಕೆಂದು ಅಧ್ಯಾಪಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ.