ಹೂವಿನ ಪಟದಲ್ಲಿ ಮರವೂ ಇರಲಿ

ಯುಗಾದಿ ಕಳೆದ ಮೇಲೆ ಮಲೆನಾಡಿನಲ್ಲಿ ಹೂ ಹುಡುಕಲು ಹೊರಟವರು ಕತ್ತೆತ್ತಿ ನಡೆಯಬೇಕು. ನೆಲದ ಸಣ್ಣ ಗಿಡಗಳಲ್ಲಿ ಹೆಚ್ಚಿನವು ಹೂಬಿಡುವುದು ಮಳೆ ಬಿದ್ದ ಮೇಲೆ. ವಸಂತದ ಸೊಗಸಿರುವುದು ಕೊಂಬೆಗಳಲ್ಲಿ, ಅದರಲ್ಲೂ ಮರದ ಮೇಲೆ ನೆಲೆನಿಂತ ಆರ್ಕಿಡ್‌ಗಳಲ್ಲಿ.

ಶಿರಸಿ, ಸಿದ್ದಾಪುರ, ಸಾಗರದ ಕಡೆಯವರಿಗೆ ಇದಕ್ಕಾಗಿ ದೊಡ್ಡ ಚಾರಣವೇನೂ ಬೇಡ, ಅಡಿಕೆ ತೋಟದ ಮೇಲಿನ ಸೊಪ್ಪಿನಬೆಟ್ಟದ ಕಾಲುದಾರಿ ಸಾಕು. ಸೊಪ್ಪು ಕಡಿದ ಮರಗಳ ಕೊಂಬೆಗೆ ಬೆಳಕು ಧಾರಾಳವಾಗಿ ಬೀಳುತ್ತದೆ. ಮತ್ತಿ, ಮಾವುಗಳ ಒರಟು ತೊಗಟೆ ಬೇರಿಗೆ ಹಿಡಿತ ಕೊಡುತ್ತದೆ. ಬೇಸಿಗೆ ಏರುವ ಮೊದಲೇ ಡೆಂಡ್ರೋಬಿಯಂ ಬಾರ್ಬಾಟುಲಂ ಎಲೆಯೆಲ್ಲ ಉದುರಿಸಿ, ಬರಿಯ ಕಡ್ಡಿಯಲ್ಲಿ ಬಿಳಿ ಹೂ ತಳೆಯುತ್ತದೆ. ಆಮೇಲೆ ಕಾಟೋನಿಯಾ, ಅದರ ಹೂವಿನ ತುಟಿ ಥೇಟ್ ಜೇನುಹುಳು. ಮೇ, ಜೂನ್ ಹೊತ್ತಿಗೆ ಸೀತಾಳೆ ದಂಡೆ ಇಳಿಬೀಳುತ್ತದೆ, ಒಂದೊಂದು ಗೊನೆಯಲ್ಲೂ ನೇರಳೆ ಚುಕ್ಕೆಯ ಹೂಗಳು ಒತ್ತಾಗಿ. ಇದೇ ಹೂವನ್ನು ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಕುಣಿತಕ್ಕೆ ಮುಡಿಯುತ್ತಾರೆ.

ಇವುಗಳ ಪಟ ತೆಗೆಯುವವರಲ್ಲಿ ನನ್ನದೊಂದು ಒತ್ತಾಯವಿದೆ: ಹೂವಿನ ಜೊತೆ ಮರವನ್ನೂ ತೋರಿಸಿ. ಹಿನ್ನೆಲೆಯನ್ನೆಲ್ಲ ಮಸುಕಾಗಿಸಿ ಎಸಳನ್ನಷ್ಟೇ ಹಿಡಿದರೆ ಅದು ನರ್ಸರಿಯ ಕುಂಡದ್ದೋ ಕಾಡಿನದ್ದೋ ತಿಳಿಯದು. ಆರ್ಕಿಡ್‌ನ ಬದುಕಿನ ಕಥೆ ಇರುವುದು ಬೇರಿನಲ್ಲಿ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ನೀರು ಹೀರುತ್ತದೆ. ಆರ್ಕಿಡ್ ತೊಗಟೆಯನ್ನು ಅಪ್ಪಿಕೊಳ್ಳುತ್ತದೆ, ಅಷ್ಟೇ. ಮಳೆ ಮಂಜುಗಳ ನೀರು, ತೊಗಟೆಯ ಸಂದಿಯಲ್ಲಿ ಸೇರಿದ ಕಸದ ಸಾರ, ಅದರ ಬೇರು ಹೀರುವುದು ಇವನ್ನೇ. ಒಣಗಿದಾಗ ಬೂದುಬಣ್ಣದ ಆ ಬೇರು ನೆನೆದೊಡನೆ ಹಸಿರಾಗುತ್ತದೆ. ಬೇಸಿಗೆಯ ಮೊದಲ ಮಳೆ ಬಿದ್ದ ಮರುಬೆಳಗ್ಗೆ ಹೋದರೆ ಹೂ, ಹಸಿರು ಬೇರು, ಕಪ್ಪಾದ ತೊಗಟೆ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ.

ಗಾಳಿ ಏಳುವ ಮೊದಲೇ ಅಲ್ಲಿರಿ. ಮೊದಲು ದೂರದಿಂದ ಇಡೀ ಕೊಂಬೆಯ ಪಟ, ನಂತರ ಬೇರಿನೊಡನೆ ಗೊನೆ, ಕೊನೆಗೆ ಮ್ಯಾಕ್ರೋ ಲೆನ್ಸ್‌ನಲ್ಲಿ ಒಂಟಿ ಹೂ. ಗೊನೆಗೆ ಎಫ್/8 ಅಥವಾ ಎಫ್/11 ಇಟ್ಟು, ಕ್ಯಾಮೆರಾವನ್ನು ಗೊನೆಗೆ ಸಮಾನಾಂತರವಾಗಿ ಹಿಡಿದರೆ ಬುಡದಿಂದ ತುದಿಯವರೆಗೆ ಸ್ಪಷ್ಟವಾಗಿ ಮೂಡುತ್ತದೆ. ಕಾಡಿನ ಕತ್ತಲ ಹಿನ್ನೆಲೆಯನ್ನು ಕಂಡ ಕ್ಯಾಮೆರಾ ಬೆಳಕು ಹೆಚ್ಚಿಸಿ ಬಿಳಿ ಎಸಳಿನ ಗೆರೆಗಳನ್ನೇ ಅಳಿಸಿಬಿಡುತ್ತದೆ. ಎಕ್ಸ್‌ಪೋಷರ್ ಅರ್ಧ ಸ್ಟಾಪಿನಿಂದ ಒಂದು ಸ್ಟಾಪಿನಷ್ಟು ಇಳಿಸಿಕೊಳ್ಳಿ. ಅಡ್ಡಬಂದ ಎಲೆಯನ್ನು ಕಿತ್ತು ಎಸೆಯಬೇಡಿ, ಮೆಲ್ಲಗೆ ಸರಿಸಿ ಹಿಡಿದರೆ ಸಾಕು.

ಪಟವನ್ನು ಹಂಚಿಕೊಳ್ಳುವಾಗ ಊರು, ಮರದ ಗುರುತು ಬರೆಯಬೇಡಿ. ಕಿತ್ತು ಮಾರುವವರಿಗೆ ಅಷ್ಟು ಸುಳಿವು ಸಾಕು. ಏಪ್ರಿಲ್ ಗಾಳಿಮಳೆಗೆ ಕೊಂಬೆ ಮುರಿದು ಆರ್ಕಿಡ್ ನೆಲಕ್ಕೆ ಬಿದ್ದಿದ್ದರೆ, ಹತ್ತಿರದ ಒರಟು ತೊಗಟೆಯ ಮರಕ್ಕೆ, ನೆತ್ತಿಬಿಸಿಲು ತಾಗದ ಕಡೆ, ಬಾಳೆನಾರಿನಿಂದ ಕಟ್ಟಿಬಿಡಿ. ನಾರು ಕೊಳೆಯುವಷ್ಟರಲ್ಲಿ ಅದು ಹೊಸ ಬೇರು ಬಿಟ್ಟು ಹಿಡಿದುಕೊಳ್ಳುತ್ತದೆ. ಕ್ಯಾಮೆರಾ ಚೀಲದಲ್ಲಿ ಲೆನ್ಸ್ ಒರೆಸುವ ಬಟ್ಟೆಯ ಜೊತೆ ಒಂದು ಸುತ್ತು ಬಾಳೆನಾರೂ ಇರಲಿ.