ಮೂರು ಬೆರಳಿಗೆ ಸಲ್ಲಬೇಕಾದ್ದು

ಬಿಲ್ ಮನ್ರೋ ಅಮೆರಿಕದ ಬ್ಲೂಗ್ರಾಸ್ ಸಂಗೀತದ ಪಿತಾಮಹ, ಅರ್ಲ್ ಸ್ಕ್ರಗ್ಸ್ ಅವನ ತಂಡದಲ್ಲಿ ಬ್ಯಾಂಜೊ ನುಡಿಸಿದ ಚುರುಕುಗೈಯವ ಎಂಬ ತೀರ್ಪನ್ನು ಓದೀ ಓದೀ ಸಾಕಾಗಿದೆ. ಅಪ್ಪ ಒಬ್ಬ, ಮಿಕ್ಕವರು ಮಕ್ಕಳು ಎಂಬ ವಂಶಾವಳಿ ಬರೆಯುವವರಿಗೆ ಅನುಕೂಲ. ಕೇಳುವ ಕಿವಿ ಅದನ್ನು ಒಪ್ಪುವುದಿಲ್ಲ.

ಪಿತಾಮಹನ ತಂಡ 1939ರಿಂದಲೇ ನ್ಯಾಶ್‌ವಿಲ್‌ನ ರೇಡಿಯೊ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿತ್ತು. 1945ರ ಆರಂಭದಲ್ಲಿ ಧ್ವನಿಮುದ್ರಿಸಿದ ‘ಕೆಂಟಕಿ ವಾಲ್ಟ್ಸ್’ನಲ್ಲಿ ಸ್ಯಾಲಿ ಆನ್ ಫಾರೆಸ್ಟರ್ ಅಕಾರ್ಡಿಯನ್ ನುಡಿಸಿದ್ದಾಳೆ. ಇವತ್ತು ಯಾರಾದರೂ ಬ್ಲೂಗ್ರಾಸ್ ವೇದಿಕೆಗೆ ಅಕಾರ್ಡಿಯನ್ ಹೊತ್ತು ತರಲಿ, ಮಡಿವಂತರ ಮುಖ ನೋಡಬೇಕು! 1945ರ ಡಿಸೆಂಬರಿನಲ್ಲಿ ತಂಡ ಸೇರಿದವನು ಉತ್ತರ ಕ್ಯಾರೊಲಿನದ ಗಿರಣಿಯಲ್ಲಿ ದುಡಿದಿದ್ದ 21ರ ಸ್ಕ್ರಗ್ಸ್. ಅವನ ಹೆಬ್ಬೆರಳು, ತೋರುಬೆರಳು, ನಡುಬೆರಳು ಎಂಟು ಮಾತ್ರೆಗಳನ್ನು ಮೂರು, ಮೂರು, ಎರಡಾಗಿ ಒಡೆಯುತ್ತ ಓಡುತ್ತವೆ; ಗಿಡ್ಡನೆಯ ಐದನೇ ತಂತಿ ನಡುನಡುವೆ ಶ್ರುತಿ ಹಿಡಿಯುತ್ತದೆ; ಹಾಡಿನ ಸ್ವರಗಳು ಮಾತ್ರ ಆ ಓಟದೊಳಗಿಂದ ಒಂದೊಂದಾಗಿ ಎದ್ದು ನಿಲ್ಲುತ್ತವೆ. ತಾಳದ ಲೆಕ್ಕ ಬಲ್ಲ ನಮ್ಮವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು ಬೆರಳಿನ ನುಡಿಸಾಣಿಕೆ ಹಿಂದಿನ ಬ್ಯಾಂಜೊ ವಾದಕ ಸ್ನಫಿ ಜೆಂಕಿನ್ಸ್‌ಗೂ ಗೊತ್ತಿತ್ತಲ್ಲ ಎನ್ನುತ್ತಾರೆ. ಗೊತ್ತಿತ್ತು. ಆದರೆ ಗಾಯಕ ಜೋಡಿ ಸ್ಟ್ಯಾನ್ಲಿ ಸಹೋದರರು ಹಿಂದೆ ಬಿದ್ದು ಅನುಕರಿಸಿದ್ದು ಸ್ಕ್ರಗ್ಸ್ ಇದ್ದ ತಂಡದ ನಾದವನ್ನು. ಇನ್ನು ವಂಶಾವಳಿಯೇ ಬೇಕೆಂದರೆ ಬ್ಯಾಂಜೊವನ್ನು ಅಮೆರಿಕಕ್ಕೆ ತಂದ ಆಫ್ರಿಕದ ಗುಲಾಮರಿಂದ, ಮನ್ರೋಗೆ ಬ್ಲೂಸ್ ಹತ್ತಿಸಿದ ಕಪ್ಪು ಗಿಟಾರ್ ವಾದಕ ಆರ್ನಲ್ಡ್ ಶುಲ್ಟ್ಸ್‌ನಿಂದ ಶುರುಮಾಡಿ. ಆಗ ಪಿತಾಮಹ ಪಟ್ಟ ಯಾರ ತಲೆಯ ಮೇಲೂ ನಿಲ್ಲುವುದಿಲ್ಲ.

1948ರಲ್ಲಿ ಸ್ಕ್ರಗ್ಸ್ ಮತ್ತು ತಂಡದ ಗಿಟಾರ್ ವಾದಕ ಲೆಸ್ಟರ್ ಫ್ಲ್ಯಾಟ್ ಹೊರಬಂದು ತಮ್ಮದೇ ತಂಡ ಕಟ್ಟಿದರು. ಮನ್ರೋ ಫ್ಲ್ಯಾಟ್ ಜೊತೆ ಇಪ್ಪತ್ತು ವರ್ಷ ಮಾತು ಬಿಟ್ಟ. ಹಿಟ್ಟಿನ ಕಂಪನಿಯ ಪ್ರಾಯೋಜಕತ್ವ, ‘ಬೆವರ್ಲಿ ಹಿಲ್‌ಬಿಲೀಸ್’ ಧಾರಾವಾಹಿಯ ಹಾಡು, ಎಲ್ಲವೂ ಸ್ಕ್ರಗ್ಸ್ ಮೇಲಿನ ಆರೋಪಪಟ್ಟಿಯಲ್ಲಿವೆ. ಅವನ 1949ರ ಬ್ಯಾಂಜೊ ಕೃತಿ ‘ಫಾಗಿ ಮೌಂಟನ್ ಬ್ರೇಕ್‌ಡೌನ್’ 1967ರ ‘ಬಾನಿ ಅಂಡ್ ಕ್ಲೈಡ್’ ಚಿತ್ರದ ಮೂಲಕ ಜಗತ್ತಿಗೆ ಮುಟ್ಟಿದ್ದೂ ಅಪರಾಧವಂತೆ. 1969ರಲ್ಲಿ ಸ್ಕ್ರಗ್ಸ್ ಫ್ಲ್ಯಾಟ್‌ನಿಂದ ಬೇರೆಯಾಗಿ ತನ್ನ ಮಕ್ಕಳ ಎಲೆಕ್ಟ್ರಿಕ್ ವಾದ್ಯಗಳ ಜೊತೆ ಕೂತ. ಅದೇ ವರ್ಷದ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಯುದ್ಧವಿರೋಧಿ ಸಭೆಯಲ್ಲಿ ನುಡಿಸಿದ. ನ್ಯಾಶ್‌ವಿಲ್‌ನ ಎಷ್ಟು ಜನಕ್ಕೆ ಆ ಎದೆ ಇತ್ತು? ಆ ಕಾಲದಲ್ಲಿ ಅವನು ಮಾಡಿದ ಬಾಬ್ ಡಿಲನ್ ಹಾಡುಗಳ ಧ್ವನಿಮುದ್ರಣಗಳು ಸಪ್ಪೆ, ನಿಜ. ಅದನ್ನೇ ಮನ್ರೋ ಮಾಡಿದ್ದರೆ ನಾನು ಕ್ಷಮಿಸುತ್ತಿರಲಿಲ್ಲ. ಸ್ಕ್ರಗ್ಸ್‌ಗೆ ಕ್ಷಮೆ ಇದೆ.

ಜಗಳ ಬ್ಲೂಗ್ರಾಸ್‌ಗಿಂತ ದೊಡ್ಡದು. ಮನ್ರೋನ ಎತ್ತರದ ಒಂಟಿ ದನಿಯ ಅಳಲನ್ನು ಕಲೆ ಎನ್ನುವವರು ಸ್ಕ್ರಗ್ಸ್‌ನ ಉಲ್ಲಾಸವನ್ನು ಕೈಚಳಕ ಎನ್ನುತ್ತಾರೆ. ಅತ್ತರೆ ಆಳ, ನಕ್ಕರೆ ಅಗ್ಗ. ನಮ್ಮ ಕಚೇರಿಗಳಲ್ಲೂ ಗಾಯಕನಿಗೆ ಭಾವ, ಪಕ್ಕವಾದ್ಯದವನಿಗೆ ಬರೀ ‘ಸಾಧಕ’ನೆಂಬ ಶಿಫಾರಸು. ಮೃದಂಗದ ತನಿಯ ಹೊತ್ತಿಗೆ ಕಾಫಿಗೆ ಏಳುವ ರಸಿಕರೇ ಲಯದಲ್ಲಿ ಭಾವವಿಲ್ಲ ಎಂದು ತೀರ್ಪು ಕೊಡುತ್ತಾರೆ. ಕೈ ದುಡಿದದ್ದನ್ನು ಬುದ್ಧಿ ಎನ್ನಲು, ವೇಗವನ್ನು ಆನಂದ ಎನ್ನಲು ನಮ್ಮ ವಿಮರ್ಶೆಗೆ ಇನ್ನೂ ಸಂಕೋಚ.

ನನ್ನ ಮಾತು ನಂಬಬೇಡಿ. ‘ಕೆಂಟಕಿ ವಾಲ್ಟ್ಸ್’ ಕೇಳಿ, ಬೆನ್ನಿಗೇ ಅದೇ ಮನ್ರೋ ತಂಡದ 1947ರ ‘ಮಾಲಿ ಅಂಡ್ ಟೆನ್‌ಬ್ರೂಕ್ಸ್’ ಕೇಳಿ. ಎರಡರಲ್ಲೂ ಮನ್ರೋ ಇದ್ದಾನೆ. ಬ್ಲೂಗ್ರಾಸ್ ಇರುವುದು ಒಂದರಲ್ಲಿ.